ಮುಚ್ಚಿದ ವಿಮಾನ ನಿಲ್ದಾಣವನ್ನು ಮತ್ತೆ ತೆರೆಯಬೇಕೇ? ಒಂದು ಪ್ರಕರಣ ಅಧ್ಯಯನ

ಈ ಬರಹದ ವಿಮಾನ ನಿಲ್ದಾಣಕ್ಕೆ ನಾನು ಹೆಸರು ಕೊಟ್ಟಿಲ್ಲ. ಊರು, ವಿಮಾನ ಸಂಸ್ಥೆ, ನಿಲ್ದಾಣ ನಡೆಸುತ್ತಿದ್ದ ಕಂಪನಿ, ಜನ ಯಾರದೂ ಗುರುತು ಸಿಗದಂತೆ ವಿವರಗಳನ್ನು ಮರೆಸಿದ್ದೇನೆ. ಕೆಲವು ಅಂಕಿಗಳನ್ನು ತುಸು ಹಿಂದೆ ಮುಂದೆ ಮಾಡಿದ್ದೇನೆ. ನಡೆದ ಕ್ರಮ ಮತ್ತು ಕೈಗೊಂಡ ತೀರ್ಮಾನಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ನಿಲ್ದಾಣ ಮುಚ್ಚಿ 14 ತಿಂಗಳಾದ ಮೇಲೆ ಅದನ್ನು ಮತ್ತೆ ತೆರೆಯಬೇಕೇ ಎಂದು ನೋಡಲು ಪ್ರಾಂತೀಯ ಸರ್ಕಾರ ಏಳು ಜನರ ಸಮಿತಿ ಮಾಡಿತು. ಅದರಲ್ಲಿ ನಾನೂ ಒಬ್ಬ. ಸಮಿತಿಯ ವರದಿಯಲ್ಲಿ ಜಾಗ ಸಿಗದೆ ಉಳಿದ ಮಾತುಗಳು ಬಹಳ ಇದ್ದವು. ಇಂಥದೇ ಪ್ರಶ್ನೆ ಎದುರಾದ ಬೇರೆ ಊರಿನವರಿಗೆ ಅವು ಬೇಕಾಗಬಹುದು ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ರನ್‌ವೇಯ ಉದ್ದ 1,800 ಮೀಟರ್. ಸೇನೆಗಾಗಿ ಹಾಕಿದ್ದು, ಆಮೇಲೆ ನಾಗರಿಕ ಬಳಕೆಗೆ ಬಂತು. ಜಮೀನು ಸರ್ಕಾರದ್ದು, ನಡೆಸುವ ಹಕ್ಕು ದೀರ್ಘ ಗುತ್ತಿಗೆಯಲ್ಲಿ ಒಂದು ಖಾಸಗಿ ಕಂಪನಿಯದು. ಒಂದೇ ವಿಮಾನ ಸಂಸ್ಥೆ, ಒಂದೇ ಮಾರ್ಗ: ದಿನಕ್ಕೊಮ್ಮೆ 72 ಆಸನದ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ ದೊಡ್ಡ ನಗರದಿಂದ ಬಂದು ವಾಪಸ್ ಹೋಗುತ್ತಿತ್ತು. ಖಾಲಿ ಉಳಿದ ಆಸನಗಳ ನಷ್ಟದಲ್ಲಿ ಒಂದು ಪಾಲನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತಿತ್ತು. ಮೂರನೇ ವರ್ಷದಲ್ಲೂ ಸರಾಸರಿ 34 ಆಸನ ತುಂಬುತ್ತಿದ್ದವು, ಅದಕ್ಕಿಂತ ಹೆಚ್ಚಲ್ಲ.

ಆ ವರ್ಷ ಪೆಟ್ಟುಗಳು ಒಟ್ಟಿಗೆ ಬಿದ್ದವು. ಸಹಾಯಧನದ ಅವಧಿ ಮುಗಿಯಿತು. ದೊಡ್ಡ ನಗರಕ್ಕೆ ಹೊಸ ಹೆದ್ದಾರಿ ತೆರೆದು ನಾಲ್ಕು ಗಂಟೆಯ ದಾರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಇಳಿಯಿತು. ವಿಮಾನ ಸಂಸ್ಥೆ ತನ್ನ ಎರಡು ಎಟಿಆರ್‌ಗಳನ್ನು ಗುತ್ತಿಗೆ ಕೊಟ್ಟವರಿಗೆ ಹಿಂತಿರುಗಿಸಿತು. ಒಂದು ಸೋಮವಾರ ವಿಮಾನ ಬರಲಿಲ್ಲ, ಆಮೇಲೆ ಬರಲೇ ಇಲ್ಲ.

ಸಹಾಯಧನ ನಿಂತ ದಿನವೇ ವಿಮಾನವೂ ನಿಲ್ಲುವುದು ಈ ಊರಿನ ದುರದೃಷ್ಟ ಮಾತ್ರವಲ್ಲ. ಭಾರತದಲ್ಲಿ 2016ರಲ್ಲಿ ಘೋಷಣೆಯಾದ, ಸಣ್ಣ ಊರುಗಳ ವಿಮಾನ ಸೇವೆಗೆ ಸಹಾಯಧನ ಕೊಡುವ ಉಡಾನ್ ಯೋಜನೆಯ ಬಗ್ಗೆ ಮಹಾಲೇಖಪಾಲರು (ಸಿಎಜಿ) 2023ರಲ್ಲಿ ಕೊಟ್ಟ ವರದಿಯನ್ನು ನಮ್ಮ ಸಮಿತಿ ಮೊದಲ ಸಭೆಯಲ್ಲೇ ಓದಿತು. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಶುರುವಾದದ್ದು 371. ಮೂರು ವರ್ಷದ ರಿಯಾಯಿತಿ ಅವಧಿಯನ್ನು ಪೂರೈಸಿದ್ದು 112. ಅದರಾಚೆಗೂ ಹಾರಾಟ ಉಳಿಸಿಕೊಂಡದ್ದು 54. ಸಮಿತಿಯಲ್ಲಿದ್ದ ವಾಣಿಜ್ಯ ಸಂಘದ ಪ್ರತಿನಿಧಿ ಈ ಸಂಖ್ಯೆಗಳನ್ನು ಎರಡು ಸಲ ಓದಿ ಸುಮ್ಮನೆ ಕೂತುಬಿಟ್ಟರು. ನಿಲ್ದಾಣ ತೆರೆಯಬೇಕೆಂಬ ಬೇಡಿಕೆ ಪತ್ರಕ್ಕೆ ಊರೆಲ್ಲ ಸುತ್ತಿ ಸಹಿ ಮಾಡಿಸಿ ತಂದಿದ್ದವರು ಅವರೇ.

ಪರವಾನಗಿ ಒಪ್ಪಿಸಿದ ದಿನ

ನಿಲ್ದಾಣ ಸತ್ತದ್ದು ವಿಮಾನ ನಿಂತಾಗ ಎಂದು ಊರಿನವರೆಲ್ಲ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಸತ್ತದ್ದು ಐದು ತಿಂಗಳ ನಂತರ, ಕಂಪನಿ ಪರವಾನಗಿ ಹಿಂತಿರುಗಿಸಿದ ದಿನ. ಆ ಕಾಗದದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದಿತ್ತು, ಅಷ್ಟೆ.

ಕಂಪನಿಯ ಕಷ್ಟ ಸುಳ್ಳಲ್ಲ. ನಿಲ್ದಾಣದ ಖರ್ಚು ಪ್ರಯಾಣಿಕರ ಸಂಖ್ಯೆಗೆ ತಕ್ಕಂತೆ ಇಳಿಯುವಂಥದ್ದಲ್ಲ. ದಿನಕ್ಕೆ ಒಂದು ವಿಮಾನ ಬಂದರೂ ಅಗ್ನಿಶಾಮಕ ತಂಡ ಬೇಕು, ರನ್‌ವೇಯ ಯಾವ ಭಾಗಕ್ಕಾದರೂ ಅದು ಮೂರು ನಿಮಿಷದೊಳಗೆ ಮುಟ್ಟಬೇಕು. ಟವರ್‌ನಲ್ಲಿ ಜನ ಬೇಕು, ಭದ್ರತೆ ಬೇಕು, ದೀಪಗಳ ತಪಾಸಣೆ ನಡೆಯಬೇಕು. ಹಾರಾಟವೇ ಇಲ್ಲದ ಐದು ತಿಂಗಳು ಈ ಎಲ್ಲರಿಗೂ ಸಂಬಳ ಹೋಗಿತ್ತು. ಪರವಾನಗಿ ಬಿಟ್ಟುಕೊಟ್ಟರೆ ಈ ಹೊರೆ ಒಂದೇ ದಿನದಲ್ಲಿ ಇಳಿಯುತ್ತದೆ ಎಂದು ಲೆಕ್ಕಿಗರು ಹೇಳಿದರು. ಅದು ನಿಜವೂ ಆಗಿತ್ತು.

ಅದರ ಜೊತೆಗೆ ಏನೇನು ಹೋಗುತ್ತದೆ ಎಂಬುದನ್ನು ಯಾರೂ ಬರೆದಿಡಲಿಲ್ಲ. ಮೂರು ಹೋದವು.

ಒಂದು, ಹಳೆಯ ನಿಲ್ದಾಣಕ್ಕಿದ್ದ ವಿನಾಯಿತಿ. ರನ್‌ವೇ ದಾಟಿ ನುಗ್ಗಿದ ವಿಮಾನಕ್ಕೆ ಪೆಟ್ಟು ಕಡಿಮೆಯಾಗಲೆಂದು ಎರಡೂ ತುದಿಗಳಾಚೆ ಸಮತಟ್ಟಾದ ಖಾಲಿ ಜಾಗ ಇರಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕಡ್ಡಾಯ ಕನಿಷ್ಠ 90 ಮೀಟರ್. ಇಷ್ಟು ಉದ್ದದ ರನ್‌ವೇಗೆ ಅದು ಶಿಫಾರಸು ಮಾಡುವುದು 240. ಇದು ರನ್‌ವೇ ತುದಿಯಾಚೆಗಿನ 60 ಮೀಟರ್ ಪಟ್ಟಿಯನ್ನು ಬಿಟ್ಟು. ಹಳೆಯ ಪರವಾನಗಿ ನವೀಕರಣವಾಗುತ್ತಾ ಬಂದಷ್ಟು ಕಾಲ ಪರವಾನಗಿ ಕೊಡುವ ನಿಯಂತ್ರಣ ಸಂಸ್ಥೆಯವರು ಕೊರತೆಯನ್ನು ಸಹಿಸಿದ್ದರು. ಹೊಸ ಅರ್ಜಿ ಎಂದ ಕೂಡಲೇ 240 ಕೇಳಿದರು. ಪಶ್ಚಿಮ ತುದಿಯಾಚೆ 80 ಮೀಟರ್‌ಗೆ ರಸ್ತೆ ಇದೆ, ಪೂರ್ವದಲ್ಲಿ 110 ಮೀಟರ್‌ಗೆ ಹೊಲಗಳು ಶುರುವಾಗುತ್ತವೆ. ಬೇಕಾದದ್ದು ತಲಾ 300. ಕೊರತೆ ಪಶ್ಚಿಮದಲ್ಲಿ 220, ಪೂರ್ವದಲ್ಲಿ 190. ಹೊರಗೆ ಸಿಗದ ಜಾಗವನ್ನು ರನ್‌ವೇಯಿಂದಲೇ ಕಳೆಯಬೇಕು. ಕಾಂಕ್ರೀಟು ಒಂದಿಂಚೂ ಕರಗದೆ, ಇಳಿಯಲು ಲೆಕ್ಕಕ್ಕೆ ಸಿಗುವ ಉದ್ದ 1,800ರಿಂದ 1,390 ಮೀಟರ್‌ಗೆ ಬಂದು ನಿಂತಿತು.

ಎರಡು, ಜನ. ಟವರ್‌ನ ನಿಯಂತ್ರಕರಿಗೆ ಸಿಗುವ ಅರ್ಹತೆ ಆಯಾ ನಿಲ್ದಾಣಕ್ಕೆ ಮಾತ್ರ ಸಲ್ಲುತ್ತದೆ. ಕೆಲಸ ಮಾಡದಿದ್ದರೆ ಮುಗಿದುಹೋಗುತ್ತದೆ. ಐವರಲ್ಲಿ ನಾಲ್ವರು ಬೇರೆ ಊರು ಸೇರಿದರು.

ಮೂರನೆಯದು ಆಕಾಶ. ಅದಕ್ಕೆ ಮುಂದೆ ಬರುತ್ತೇನೆ.

ಸಮಸ್ಯೆ ಏನೆಂದು ತಿಳಿಯುವುದಕ್ಕೇ ಹಿಡಿದ ಕಾಲ

ಸಮಿತಿ ಕೂತಾಗ ಊರು ಎರಡಾಗಿತ್ತು. ಹೋಟೆಲಿನವರು, ಕಾರ್ಖಾನೆಯವರು, ಹೊರಗೆ ಓದುವ ಮಕ್ಕಳ ತಂದೆತಾಯಿಯರು ನಿಲ್ದಾಣ ಬೇಕೇ ಬೇಕು ಎನ್ನುತ್ತಿದ್ದರು. ಆ ಹಣದಲ್ಲಿ ಬಸ್ಸು, ರೈಲು ಸರಿಮಾಡಿ, ಅಷ್ಟು ಜಮೀನಿನಲ್ಲಿ ಮನೆ ಕಟ್ಟಿಸಿ ಎನ್ನುವವರೂ ಅಷ್ಟೇ ಜನ. ಸದ್ದು, ಹೊಗೆ ಬೇಡವೆನ್ನುವ ಅಕ್ಕಪಕ್ಕದ ಬಡಾವಣೆಗಳವರ ಮಾತಿನಲ್ಲೂ ನ್ಯಾಯವಿತ್ತು.

ನಾವು ಮೊದಲು ಮಾಡಿದ್ದು ಜನಾಭಿಪ್ರಾಯದ ಸಮೀಕ್ಷೆ. ಅದು ತಪ್ಪಾಗಿತ್ತು. ವಿಮಾನ ಬಂದರೆ ಬಳಸುತ್ತೀರಾ ಎಂದು ಕೇಳಿದೆವು, ಹತ್ತರಲ್ಲಿ ಎಂಟು ಜನ ಹೌದೆಂದರು. ಹೌದು ಎನ್ನುವುದಕ್ಕೆ ಕೈಯಿಂದ ಏನೂ ಹೋಗುವುದಿಲ್ಲ. ಎರಡು ತಿಂಗಳು ಮತ್ತು ಸಮಿತಿಯ ಕಾಲುಭಾಗ ಹಣ ಅದಕ್ಕೆ ಹೋಯಿತು.

ಆಮೇಲೆ ಸಮಿತಿಯ ಒಬ್ಬ ಸದಸ್ಯೆ, ಹಿಂದೆ ಟಿಕೆಟ್ ಏಜೆನ್ಸಿ ನಡೆಸಿದವರು, ಬೇರೆ ದಾರಿ ತೋರಿಸಿದರು. ಊರಿನ 14 ಏಜೆಂಟರಿಂದ ಎರಡು ತಿಂಗಳ ಟಿಕೆಟ್‌ಗಳ ವಿವರವನ್ನು ಹೆಸರುಗಳಿಲ್ಲದೆ ಪಡೆದೆವು: ಯಾವ ದಿನ, ಎಲ್ಲಿಂದ, ಎಷ್ಟು ಗಂಟೆಗೆ, ಕೊನೆಗೆ ಎಲ್ಲಿಗೆ. ಕಾರ್ಖಾನೆಗಳ ಪ್ರಯಾಣ ಬಿಲ್ಲುಗಳನ್ನೂ ಕೂಡಿಸಿದೆವು. ಹತ್ತು ಟಿಕೆಟ್‌ಗಳಲ್ಲಿ ಆರು ದೊಡ್ಡ ನಗರದಲ್ಲಿ ನಿಲ್ಲುತ್ತಿರಲಿಲ್ಲ; ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಹಿಡಿಯುವವರವು. ಉಳಿದವುಗಳಲ್ಲಿ ಬಹುಪಾಲು ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮರಳುವ ಪ್ರಯಾಣ.

ಈಗ ಹಳೆಯ ವೇಳಾಪಟ್ಟಿ ತೆಗೆದು ಪಕ್ಕಕ್ಕಿಟ್ಟೆವು. ನಮ್ಮ ಊರಿಂದ ವಿಮಾನ ಹೊರಡುತ್ತಿದ್ದುದು 11.40ಕ್ಕೆ. ದೊಡ್ಡ ನಗರ ಮುಟ್ಟುವಾಗ 12.40. ಮುಂದಿನ ಊರುಗಳ ಬೆಳಗಿನ ವಿಮಾನಗಳೆಲ್ಲ ಅಷ್ಟರಲ್ಲಿ ಹೋಗಿರುತ್ತಿದ್ದವು, ಸಂಜೆಯವಕ್ಕೆ ಐದು ಗಂಟೆ ಕಾಯಬೇಕಿತ್ತು. ಒಂದೇ ಟಿಕೆಟ್ಟಿನಲ್ಲಿ ಮುಂದಿನ ಪ್ರಯಾಣ ಸೇರಿಸುವ ಒಪ್ಪಂದ ಇರಲಿಲ್ಲ, ಹಾಗಾಗಿ ಸಾಮಾನು ಬಿಡಿಸಿಕೊಂಡು ಮತ್ತೆ ಕೊಡಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹಣ ಹೋದಂತೆಯೇ. ಒಂದೇ ದಿನದಲ್ಲಿ ಕೆಲಸ ಮುಗಿಸಿ ಬರುವುದಂತೂ ಸಾಧ್ಯವೇ ಇರಲಿಲ್ಲ. ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷ ಡ್ಯೂಟಿ ಆಫೀಸರ್ ಆಗಿದ್ದ ಹಿರಿಯರೊಬ್ಬರನ್ನು ಇದರ ಬಗ್ಗೆ ಕೇಳಿದೆ. "ಅದು ನಮ್ಮೂರಿಗೆ ಅಂತ ಮಾಡಿದ ಟೈಮಿಂಗ್ ಅಲ್ಲ ಸಾರ್," ಎಂದರು. "ಬೆಳಿಗ್ಗೆ, ಸಂಜೆ ವಿಮಾನಕ್ಕೆ ಒಳ್ಳೆ ರೂಟು ಇರ್ತಿತ್ತು. ಮಧ್ಯಾಹ್ನ ಬಿಡುವು. ಆ ಬಿಡುವಲ್ಲಿ ಇಲ್ಲಿಗೆ ಕಳಿಸ್ತಿದ್ರು."

ಅರ್ಧ ಖಾಲಿ ಹಾರಿದ ಮೂರು ವರ್ಷಗಳನ್ನು ಎಲ್ಲರೂ "ಬೇಡಿಕೆ ಇಲ್ಲ" ಎಂದು ಓದಿದ್ದರು. ಕಂಪನಿ ಹಾಗೆ ಓದಿತು, ಸರ್ಕಾರ ಹಾಗೆ ಓದಿತು, ಸಮಿತಿ ಸೇರುವ ಮುಂಚೆ ನಾನೂ ಹಾಗೆಯೇ ಓದಿದ್ದೆ. ಊರಿಗೆ ಒಗ್ಗುವ ಹೊತ್ತಿನಲ್ಲಿ ಒಂದು ದಿನವೂ ವಿಮಾನ ಹೊರಟಿರಲಿಲ್ಲ.

ಜೆಟ್‌ನ ಆಸೆ

ಇಷ್ಟು ಗೊತ್ತಾದ ಮೇಲೂ ಸಮಿತಿಯ ಬಹುಮತ ಹಿಡಿದದ್ದು ಬೇರೆ ದಾರಿ. ದೂರದ ಪ್ರವಾಸಿ ಊರುಗಳಿಗೆ 180 ಆಸನದ ಜೆಟ್ ತರಿಸೋಣ, ಆದಾಯದ ಖಾತರಿ ಸರ್ಕಾರ ಕೊಡಲಿ ಎಂಬ ಪ್ರಸ್ತಾವ ಬಂತು. ದೊಡ್ಡ ವಿಮಾನ ಬಂದರೆ ಊರಿಗೆ ಹೆಮ್ಮೆ ಎಂಬ ಭಾವನೆ ಅದರ ಹಿಂದಿತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಾನು ವಿರೋಧಿಸಿದೆ, ಆದರೆ ಲೆಕ್ಕವನ್ನು ಮುಂದಿಡಲಿಲ್ಲ. ಅಭಿಪ್ರಾಯ ಹೇಳಿ ಕೂತೆ. ಆ ಲೆಕ್ಕ ಅಂದೇ ಮೇಜಿನ ಮೇಲಿದ್ದರೆ ಏಳು ತಿಂಗಳು ಉಳಿಯುತ್ತಿತ್ತು.

ಲೆಕ್ಕ ಹೀಗಿದೆ. ಅಗ್ನಿಶಾಮಕ ವರ್ಗ ನಿರ್ಧಾರವಾಗುವುದು ಮುಖ್ಯವಾಗಿ ವಿಮಾನದ ಉದ್ದದಿಂದ. ಎಟಿಆರ್ 72 ಸುಮಾರು 27 ಮೀಟರ್, ಅದು ಐದನೇ ವರ್ಗ: ಒಂದು ವಾಹನ, 5,400 ಲೀಟರ್ ನೀರು ಸಾಕು. ಏರ್‌ಬಸ್ ಎ320 ಸುಮಾರು 37.6 ಮೀಟರ್, ಆರನೇ ವರ್ಗ: ಎರಡು ವಾಹನ, 7,900 ಲೀಟರ್. ಬೋಯಿಂಗ್ 737-800 ಇನ್ನೂ ಉದ್ದ, ಅದಕ್ಕೆ ಏಳನೇ ವರ್ಗ. ಎರಡನೇ ವಾಹನ ಎಂದರೆ ಪ್ರತಿ ಪಾಳಿಗೂ ಇನ್ನೊಂದು ತಂಡ. ಇದೆಲ್ಲಕ್ಕಿಂತ ಮೊದಲು ರನ್‌ವೇ. ಕೈಯಲ್ಲಿ ಉಳಿದ 1,390 ಮೀಟರ್‌ನಲ್ಲಿ ತುಂಬಿದ ಜೆಟ್ ಇಳಿಸುವ ಮಾತೇ ಇಲ್ಲ. ವಿಮಾನ ಸಂಸ್ಥೆಯ ತಾಂತ್ರಿಕ ತಂಡ ಬಂದು, ಅಳತೆ ಪಟ್ಟಿ ನೋಡಿ, ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟಿತು.

ರನ್‌ವೇ ಮೇಲೆ ಒಂದು ಬೆಳಗು

ಜೆಟ್ ಪ್ರಸ್ತಾವ ಬಿದ್ದ ವಾರ ನಾವು ನಾಲ್ವರು ರನ್‌ವೇಯನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನಡೆದೆವು. ಮುಚ್ಚಿದ ರನ್‌ವೇ ಎಂದು ತಿಳಿಸುವ ದೊಡ್ಡ ಬಿಳಿ X ಗುರುತನ್ನು ಎರಡೂ ಕಡೆ ಬಳಿದಿದ್ದರು. ಕಾಂಕ್ರೀಟ್ ಚಪ್ಪಡಿಗಳ ಸಂದಿನ ರಬ್ಬರು ಒಣಗಿ ಎದ್ದು ಬಂದಿತ್ತು, ಅದರೊಳಗೆ ಮೊಣಕಾಲೆತ್ತರ ಹುಲ್ಲು. ಅಂಚಿನ ದೀಪಗಳಲ್ಲಿ ಮೂರಕ್ಕೊಂದರ ಗಾಜು ಒಡೆದಿತ್ತು. ಆದರೆ ಕಾಂಕ್ರೀಟು ಗಟ್ಟಿಯಾಗಿತ್ತು. ಚರಂಡಿಗಳೂ ಹೆಚ್ಚು ಕಟ್ಟಿಕೊಂಡಿರಲಿಲ್ಲ. ಅಗ್ನಿಶಾಮಕ ಠಾಣೆಯಲ್ಲಿ ಇದ್ದೊಬ್ಬ ಕಾವಲಿನವರು, ಯಾರೂ ಹೇಳದಿದ್ದರೂ, ವಾರಕ್ಕೊಮ್ಮೆ ವಾಹನ ಚಾಲೂ ಮಾಡಿ ಪಂಪ್ ತಿರುಗಿಸುತ್ತಾ ಬಂದಿದ್ದರು. ಅದನ್ನು ಕಂಡಾಗ ನನಗೆ ಮಾತು ಹೊರಡಲಿಲ್ಲ.

ಪೂರ್ವ ತುದಿಗೆ ಬಂದು ತಲೆ ಎತ್ತಿದರೆ ಎದುರಿಗೆ ಒಂದು ಕ್ರೇನ್.

ವಿಮಾನ ಏರುವ ಮತ್ತು ಇಳಿಯುವ ದಾರಿಯ ಕೆಳಗೆ ಕಣ್ಣಿಗೆ ಕಾಣದ ಒಂದು ಇಳಿಜಾರು ಇರುತ್ತದೆ. ಇಂಥ ರನ್‌ವೇಯಲ್ಲಿ ಅದು ತುದಿಯಿಂದ 60 ಮೀಟರ್ ಆಚೆ ಶುರುವಾಗಿ ಪ್ರತಿ 100 ಮೀಟರ್‌ಗೆ 2 ಮೀಟರ್‌ನಂತೆ ಮೇಲೇರುತ್ತದೆ. ಅದನ್ನು ಯಾವ ಕಟ್ಟಡವೂ ಚುಚ್ಚಬಾರದು. ನಿಲ್ದಾಣಕ್ಕೆ ಪರವಾನಗಿ ಇರುವಷ್ಟು ದಿನ ಪುರಸಭೆ ಇದನ್ನು ನೋಡಿಯೇ ಕಟ್ಟಡಕ್ಕೆ ಅನುಮತಿ ಕೊಡುತ್ತದೆ. ಪರವಾನಗಿ ಹೋದ ಮೇಲೆ ಆ ಕಾವಲೂ ಹೋಗಿತ್ತು. ನಾನು ಆಗಲೇ ಹೇಳಿದ ಮೂರನೇ ನಷ್ಟ ಇದೇ. ರನ್‌ವೇ ತುದಿಯಿಂದ 1,100 ಮೀಟರ್ ದೂರದಲ್ಲಿ ಎಂಟು ಮಹಡಿಗೆ, ಅಂದರೆ 25 ಮೀಟರ್‌ಗೆ, ಅನುಮತಿ ಸಿಕ್ಕಿತ್ತು. ಅಲ್ಲಿ ಮಿತಿ 20.8 ಮೀಟರ್. ನಾಲ್ಕು ಮೀಟರ್ ಚಿಲ್ಲರೆ ಹೆಚ್ಚು ಎಂದರೆ ಮೇಲ್ನೋಟಕ್ಕೆ ಏನೂ ಅಲ್ಲ. ಅದೇ ಇಳಿಜಾರಿನಲ್ಲಿ ಲೆಕ್ಕ ಹಾಕಿದರೆ ಆ ತುದಿಯಲ್ಲಿ 210 ಮೀಟರ್ ರನ್‌ವೇ ಕೈಬಿಡಬೇಕು.

ಆ ಹೊತ್ತಿಗೆ ಎದ್ದಿದ್ದು ಐದು ಮಹಡಿ. ಮರುದಿನವೇ ತುರ್ತು ಸಭೆ ಕರೆದೆವು. ಇಡೀ ಪ್ರಕರಣದಲ್ಲಿ ಅತ್ಯಂತ ತೂಕದ ತೀರ್ಮಾನ ಯಾವುದೆಂದು ಕೇಳಿದರೆ ನಾನು ತೋರಿಸುವುದು ಆ ಸಭೆಯನ್ನು. ನಿಲ್ದಾಣ ತೆರೆಯುವುದೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ, ಈಗಲೇ ಪರಿಹಾರ ಏಕೆ ಕೊಡಬೇಕು ಎಂದು ಹಣಕಾಸಿನವರು ಕೇಳಿದರು. ಕಟ್ಟಡ ಮೇಲೆದ್ದರೆ ಆಮೇಲೆ ತೀರ್ಮಾನ ಮಾಡಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದು ನಮ್ಮ ಉತ್ತರ. ಕಟ್ಟುವವರ ತಪ್ಪೇನೂ ಇರಲಿಲ್ಲ, ಕಾನೂನಿನಂತೆ ಅನುಮತಿ ಪಡೆದಿದ್ದರು. ಎರಡು ಮಹಡಿಗಳ ನಷ್ಟ ಕಟ್ಟಿಕೊಟ್ಟು ಆರಕ್ಕೆ ನಿಲ್ಲಿಸಲಾಯಿತು. ತಾರಸಿಯ ನೀರಿನ ತೊಟ್ಟಿಯೂ ಮಿತಿ ದಾಟುತ್ತಿದ್ದುದರಿಂದ ಅದನ್ನು ಕೆಳಗಿಳಿಸಿದರು. ಸುತ್ತಲಿನ ಜಾಗಕ್ಕೆ ಎತ್ತರದ ಮಿತಿಯನ್ನು ಹತ್ತು ವರ್ಷಕ್ಕೆ ಮತ್ತೆ ಜಾರಿಮಾಡಿದರು.

ತಡಮಾಡಿದವರ ಕಥೆಗಳು ನಮ್ಮ ಮುಂದಿದ್ದವು. ಇಂಗ್ಲೆಂಡಿನ ಪ್ಲಿಮತ್ ನಿಲ್ದಾಣ 2011ರಲ್ಲಿ ಮುಚ್ಚಿತು. ಜಾಗವನ್ನು ಏನು ಮಾಡಬೇಕೆಂಬ ಜಗಳ ವರ್ಷಗಟ್ಟಲೆ ಎಳೆಯಿತು. ಮ್ಯಾನ್‌ಸ್ಟನ್ 2014ರ ಮೇ ತಿಂಗಳಲ್ಲಿ ಮುಚ್ಚಿತು. ಮರಳಿ ತೆರೆಯುವ ಅನುಮತಿ 2020ರಲ್ಲಿ ಸಿಕ್ಕಿ, 2021ರಲ್ಲಿ ನ್ಯಾಯಾಲಯದಲ್ಲಿ ರದ್ದಾಗಿ, 2022ರಲ್ಲಿ ಮತ್ತೆ ಸಿಕ್ಕಿತು. ಡಾನ್‌ಕಾಸ್ಟರ್ ಶೆಫೀಲ್ಡ್ 2022ರ ನವೆಂಬರ್‌ನಲ್ಲಿ ಮುಚ್ಚಿದಾಗ ಅಲ್ಲಿನ ನಗರ ಪಾಲಿಕೆ ಸುಮ್ಮನೆ ಕೂರದೆ ಜಾಗವನ್ನು ದೀರ್ಘ ಗುತ್ತಿಗೆಗೆ ಪಡೆಯಿತು. ನಾವು ನೋಡಿ ಕಲಿತದ್ದು ಆ ಪಾಲಿಕೆಯಿಂದ.

ಡ್ಯೂಟಿ ಆಫೀಸರ ಪುಸ್ತಕ

ಇಷ್ಟಾದರೂ ತೆರೆಯಲು ಕಾರಣ ಸಾಲುತ್ತಿರಲಿಲ್ಲ. ಸರಿಯಾದ ಹೊತ್ತಿನ ಎಟಿಆರ್ ಸೇವೆ ಕೂಡ ಲಾಭ ತರುವುದಿಲ್ಲ ಎಂದು ನಮ್ಮ ಲೆಕ್ಕ ಹೇಳುತ್ತಿತ್ತು. ಆ ಹಿರಿಯ ಡ್ಯೂಟಿ ಆಫೀಸರು ಒಂದು ಸಂಜೆ ನೀಲಿ ರಟ್ಟಿನ ದಪ್ಪ ನೋಟ್ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಪ್ರಯಾಣಿಕ ವಿಮಾನಗಳ ಲೆಕ್ಕ ಅದರಲ್ಲಿರಲಿಲ್ಲ. ರಾತ್ರಿ ಹೊತ್ತು, ಭಾನುವಾರ, ವೇಳೆಯಲ್ಲದ ವೇಳೆಯಲ್ಲಿ ರೋಗಿಗಳನ್ನು ಕರೆದೊಯ್ಯಲು ಬಂದ ಸಣ್ಣ ವಿಮಾನಗಳನ್ನು ಅವರು ಕೈಬರಹದಲ್ಲಿ ಗುರುತಿಟ್ಟಿದ್ದರು. ಮುಚ್ಚುವ ಹಿಂದಿನ ಮೂರು ವರ್ಷದಲ್ಲಿ 61. ಸುಟ್ಟಗಾಯ, ಏಳನೇ ತಿಂಗಳಿಗೆ ಹುಟ್ಟಿದ ಕೂಸು, ಕಸಿಗೆ ಸಿಕ್ಕ ಮೂತ್ರಪಿಂಡ. ಪ್ರತಿ ಸಾಲಿನ ಕೊನೆಗೆ ವಿಮಾನ ನೆಲ ಬಿಟ್ಟ ನಿಮಿಷ. ಕಂಪನಿಯ ವಾರ್ಷಿಕ ವರದಿಯಲ್ಲಿ ಇವೆಲ್ಲ "ಇತರೆ ಹಾರಾಟಗಳು" ಎಂಬ ಒಂದೇ ಅಂಕಿಯೊಳಗೆ ಸೇರಿಹೋಗಿದ್ದವು.

ಹೆದ್ದಾರಿ ಇದೆಯಲ್ಲ ಎಂದು ಒಬ್ಬರು ಕೇಳಿದರು. ನಮ್ಮ ಜೊತೆಗಿದ್ದ ವೈದ್ಯರು ಪುಸ್ತಕ ತಿರುವಿ, ಎರಡು ಗಂಟೆ ಹತ್ತು ನಿಮಿಷ ಸಾಕಾಗದ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಹತ್ತೊಂಬತ್ತು.

ಅಲ್ಲಿಂದ ಪ್ರಶ್ನೆಯೇ ಬದಲಾಯಿತು. ಈ ನಿಲ್ದಾಣ ಲಾಭ ಮಾಡುತ್ತದೆಯೇ ಎಂದು ಕೇಳುವುದನ್ನು ಬಿಟ್ಟೆವು. ಎಷ್ಟು ಚಿಕ್ಕದಾಗಿ ತೆರೆದರೆ ಈ ಕೆಲಸ ನಡೆಯುತ್ತದೆ, ಅದರ ಖರ್ಚನ್ನು ಯಾರು ಒಪ್ಪಿಕೊಂಡು ಕೊಡುತ್ತಾರೆ ಎಂದು ಕೇಳತೊಡಗಿದೆವು.

ಮಾಡಿದ್ದು, ಆದದ್ದು

ಗುತ್ತಿಗೆಯನ್ನು ಸರ್ಕಾರ ಹಿಂಪಡೆಯಿತು. ಟರ್ಮಿನಲ್‌ನ ಮೂರನೇ ಎರಡು ಭಾಗವನ್ನು ಕಚೇರಿಗಳಿಗೆ ಬಾಡಿಗೆಗೆ ಕೊಟ್ಟಿತು. ಪೂರ್ಣ ಟವರ್ ಬದಲು ಹಾರಾಟ ಮಾಹಿತಿ ಸೇವೆ ಇಟ್ಟೆವು. ಇಲ್ಲಿ ಅಧಿಕಾರಿ ಗಾಳಿ, ರನ್‌ವೇ ಸ್ಥಿತಿ, ಇತರ ವಿಮಾನಗಳ ಮಾಹಿತಿ ಕೊಡುತ್ತಾರೆ, ಆಜ್ಞೆ ಕೊಡುವುದಿಲ್ಲ. ಸ್ವೀಡನ್ನಿನ ಓರ್ನ್‌ಶೋಲ್ಡ್ಸ್‌ವಿಕ್ ನಿಲ್ದಾಣದ ವಿಮಾನಗಳನ್ನು 2015ರಿಂದ ಸುಂಡ್ಸ್‌ವಾಲ್‌ನಲ್ಲಿ ಕೂತು ಕ್ಯಾಮೆರಾಗಳ ಮೂಲಕ ನಿಯಂತ್ರಿಸತೊಡಗಿದ್ದರು. ಆ ದೂರ ಟವರ್ ವ್ಯವಸ್ಥೆಯನ್ನೂ ಪರಿಶೀಲಿಸಿದೆವು, ಆದರೆ ಹಲವು ನಿಲ್ದಾಣಗಳು ಸೇರಿ ಖರ್ಚು ಹಂಚಿಕೊಂಡರೆ ಮಾತ್ರ ಅದು ಹಗುರ. ಹಳೆಯ ಐಎಲ್‌ಎಸ್ ಉಪಕರಣವನ್ನು, ಅಂದರೆ ನೆಲದಿಂದ ರೇಡಿಯೋ ಸಂಕೇತ ಕಳಿಸಿ ವಿಮಾನಕ್ಕೆ ಇಳಿಯುವ ದಾರಿ ತೋರಿಸುವುದನ್ನು, ಮತ್ತೆ ಹಾಕಲಿಲ್ಲ. ಉಪಗ್ರಹ ಆಧಾರಿತ ಇಳಿಯುವ ವಿಧಾನ ರೂಪಿಸಿದೆವು, ಅದಕ್ಕೆ ನೆಲದ ಮೇಲೆ ದುಬಾರಿ ಉಪಕರಣ ಬೇಡ. ಅಗ್ನಿಶಾಮಕ ತಂಡ ನಿಗದಿತ ಗಂಟೆಗಳಲ್ಲಿ ಮಾತ್ರ ಐದನೇ ವರ್ಗಕ್ಕೆ ಸಜ್ಜು, ಉಳಿದ ಹೊತ್ತಿನಲ್ಲಿ ಕರೆ ಬಂದರೆ ಸಣ್ಣ ತಂಡ.

ಮುಚ್ಚಿದ ಮೂರು ವರ್ಷ ಎರಡು ತಿಂಗಳಿಗೆ ಮೊದಲ ಏರ್ ಆಂಬುಲೆನ್ಸ್ ಇಳಿಯಿತು. ಆಮೇಲೆ ಒಂದು ವಿಮಾನ ತರಬೇತಿ ಶಾಲೆ ಬಂತು. ಎಟಿಆರ್ ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಈ ಸಲ ಸಹಾಯಧನದ ಷರತ್ತನ್ನು ನಾವೇ ಬರೆದೆವು: ವಿಮಾನ ರಾತ್ರಿ ನಮ್ಮೂರಲ್ಲೇ ತಂಗಬೇಕು, ಬೆಳಿಗ್ಗೆ ಏಳರೊಳಗೆ ಹೊರಡಬೇಕು, ಸಂಜೆ ಮರಳಬೇಕು, ಒಂದೇ ಟಿಕೆಟ್ಟಿನಲ್ಲಿ ಮುಂದಿನ ಪ್ರಯಾಣ ಸೇರಬೇಕು. ದೊಡ್ಡ ನಗರದಲ್ಲಿ ಬೆಳಗಿನ ಸ್ಲಾಟ್, ಅಂದರೆ ಇಳಿಯಲು ಏರಲು ಗೊತ್ತುಮಾಡಿದ ಸಮಯ, ಸಿಗುವುದೇ ಕಷ್ಟವಾಗಿತ್ತು, ಹಾಗಾಗಿ ವಾರಕ್ಕೆ ನಾಲ್ಕೇ ದಿನ ಸಿಕ್ಕಿತು. ಮೊದಲ ವರ್ಷದ ಸರಾಸರಿ 49 ಆಸನ. ಹಿಂದಿನದಕ್ಕಿಂತ ಬಹಳ ಒಳ್ಳೆಯದು, ಸ್ವಂತ ಕಾಲ ಮೇಲೆ ನಿಲ್ಲುವಷ್ಟಲ್ಲ. ನಷ್ಟವನ್ನು ಈಗ ಆಸ್ಪತ್ರೆ, ರಸ್ತೆಗಳಂತೆ ಸಾರ್ವಜನಿಕ ಸೇವೆಯ ಖರ್ಚಾಗಿ ಬಜೆಟ್ಟಿನಲ್ಲಿ ಬೇರೆ ಸಾಲಾಗಿಯೇ ತೋರಿಸುತ್ತಾರೆ. ಅದನ್ನು ಪ್ರತಿ ವರ್ಷ ಪ್ರಶ್ನಿಸುವವರಿದ್ದಾರೆ, ಪ್ರಶ್ನಿಸಲೂಬೇಕು.

ಐದು ತಿಂಗಳಾದಾಗ ಪರವಾನಗಿಯನ್ನು ಒಪ್ಪಿಸುವ ಬದಲು ಕನಿಷ್ಠ ಮಟ್ಟದಲ್ಲಿ ಜೀವಂತ ಇಟ್ಟುಕೊಂಡಿದ್ದರೆ ಎಂದು ನಾನು ಆಮೇಲೆ ಲೆಕ್ಕ ಹಾಕಿ ನೋಡಿದೆ. ತಗ್ಗಿಸಿದ ಅಗ್ನಿಶಾಮಕ ವರ್ಗ, ಇಬ್ಬರು ಮಾಹಿತಿ ಅಧಿಕಾರಿಗಳು, ಹುಲ್ಲು ಕೀಳುವವರು. ಮರಳಿ ತೆರೆಯಲು ನಾವು ಖರ್ಚುಮಾಡಿದ ಹಣದಲ್ಲಿ ಈ ವ್ಯವಸ್ಥೆ ಆರು ವರ್ಷ ನಡೆಯುತ್ತಿತ್ತು. ಬೇರೆ ಯಾವುದೇ ಊರಿನವರು ನನ್ನನ್ನು ಕೇಳಿದರೆ ಮೊದಲು ಈ ಹಾಳೆಯನ್ನೇ ಕಳಿಸುತ್ತೇನೆ. ವಿಮಾನ ಬರಲಿ, ಬಾರದಿರಲಿ, ಪರವಾನಗಿ ಒಪ್ಪಿಸುವ ಮುಂಚೆ ಹೋಗುವುದು ಏನೇನು ಎಂದು ಪಟ್ಟಿ ಬರೆಯಿರಿ, ಅದಕ್ಕೆ ಯಾರಾದರೂ ಸಹಿ ಹಾಕಲಿ ಎಂದು ಹೇಳುತ್ತೇನೆ.

ಪೂರ್ವ ತುದಿಯ 190 ಮೀಟರ್ ಇನ್ನೂ ಬಾಕಿ ಇದೆ. ಆ ಹೊಲಗಳು ಮೂರು ಕುಟುಂಬಗಳವು. ಇಬ್ಬರು ಮಾರಲು ಒಪ್ಪಿದ್ದಾರೆ. ಮೂರನೆಯವರು ಮಾರುವುದಿಲ್ಲ, ಬೇಕಾದರೆ ಬಾಡಿಗೆಗೆ ತೆಗೆದುಕೊಳ್ಳಿ, ಸಮತಟ್ಟು ಮಾಡಿ, ಹುಲ್ಲು ಮಾತ್ರ ನಾನೇ ಕೊಯ್ದುಕೊಳ್ಳುತ್ತೇನೆ ಎಂದಿದ್ದಾರೆ. ನಿಯಂತ್ರಣ ಸಂಸ್ಥೆಯ ನಿಯಮ ಕೇಳುವುದು ಜಾಗ ತಡೆಯಿಲ್ಲದೆ ಸಮತಟ್ಟಾಗಿರಲಿ ಎಂದು. ಮಾಲೀಕರು ಯಾರೆಂದು ಅದು ಕೇಳುವುದಿಲ್ಲ. ಬಾಡಿಗೆ ಕರಾರಿನ ಕರಡು ಅವರ ಮನೆಯಲ್ಲಿದೆ. ಅವರ ಮಗಳು ಓದಿ ಹೇಳಿದ ಮೇಲೆ ಸಹಿ ಹಾಕುತ್ತೇನೆ ಎಂದು ಕಾದಿದ್ದಾರೆ.